ಚಿನ್ನದ ಅಕ್ಷರ ಉಬ್ಬುವ ಬದಲು ಹಳ್ಳ ಬಿದ್ದಿದೆ, ಯಾರಾದರೂ ನೋಡಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಯುವಕ ಸಂಘದ ರಾಜ್ಯೋತ್ಸವದ ಬ್ಯಾನರ್ ಈ ಸಲ ನನ್ನ ತಲೆಗೆ ಬಂದಿದೆ. ಅಧ್ಯಕ್ಷರದ್ದು ಒಂದೇ ಬೇಡಿಕೆ: "ಅಕ್ಷರ ಚಿನ್ನದಲ್ಲಿ ಎರಕ ಹೊಯ್ದ ಹಾಗೆ ಇರಬೇಕು." ಫೋಟೋಶಾಪ್‌ನಲ್ಲಿ 'ಕನ್ನಡ ರಾಜ್ಯೋತ್ಸವ' ಎಂದು ಬರೆದೆ. ಬೆವೆಲ್ ಅಂಡ್ ಎಂಬಾಸ್ (ಅಂಚಿಗೆ ಇಳಿಜಾರು ಕೊಟ್ಟು ಉಬ್ಬಿಸುವುದು), ಗ್ರೇಡಿಯಂಟ್ ಓವರ್‌ಲೇ (ಬಣ್ಣದ ಏರಿಳಿತ), ಡ್ರಾಪ್ ಶ್ಯಾಡೋ (ಹಿಂದೆ ಬೀಳುವ ನೆರಳು) ಎಲ್ಲ ಹಾಕಿದೆ. ಮೊದಲು ಸ್ಟೇಟಸ್‌ಗೆ ಅಂತ 1080 ಪಿಕ್ಸೆಲ್‌ನಲ್ಲಿ ಮಾಡಿದ್ದು ಚೆನ್ನಾಗಿತ್ತು. ಅದನ್ನೇ 12 ಅಡಿ ಅಗಲ, 6 ಅಡಿ ಎತ್ತರಕ್ಕೆ, 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಹೊಸದಾಗಿ ಮಾಡಿದರೆ ಮೂರು ತೊಂದರೆ:

ಅಕ್ಷರ ಮೇಲೆ ಉಬ್ಬಿದ ಹಾಗಿಲ್ಲ, ಗೋಡೆಯಲ್ಲಿ ಕೊರೆದ ಹಾಗಿದೆ. ಅಂಚಿನಲ್ಲಿ ಮಾತ್ರ ಇಳಿಜಾರು, ನಡುವೆ ಚಪಾತಿ ತರಹ ಚಪ್ಪಟೆ. ಅಂಗಡಿಯಲ್ಲಿ ಒಂದು ತುಂಡು ಪ್ರಿಂಟ್ ಹಾಕಿಸಿ ನೋಡಿದರೆ ಚಿನ್ನ ಹೋಗಿ ಸಾಸಿವೆ ಬಣ್ಣ ಬಂದಿದೆ.

ಇನ್ನು ನಾಲ್ಕು ದಿನ ಇದೆ. ಕೈ ಮುಗಿದು ಕೇಳುತ್ತೇನೆ.

ಬಿಸಿಬೇಳೆ:
ಸಾಸಿವೆ ಬಂದಿದ್ದರೆ ಕರಿಬೇವು ಹಾಕಿ ಒಗ್ಗರಣೆ ಕೊಡಿ.

ಡಿಟಿಪಿ ಅಣ್ಣ:
ಬೆವೆಲ್‌ನಲ್ಲಿ ಡೈರೆಕ್ಷನ್ ಅಂತ ಇರುತ್ತದೆ, ಅಪ್ ಮತ್ತು ಡೌನ್. ಡೌನ್ ಒತ್ತಿರುತ್ತೀರಿ. ಅಷ್ಟೇ ವಿಷಯ. ಆಮೇಲೆ 12 ಅಡಿಗೆ 300 ಡಿಪಿಐ ಯಾರು ಹೇಳಿಕೊಟ್ಟರು ತಮ್ಮಾ? ಆ ಕಂಪ್ಯೂಟರ್ ಮೇಲೆ ಸ್ವಲ್ಪ ಕರುಣೆ ಇರಲಿ.

ತುಂಗಾತೀರ:
ಅಣ್ಣ, ಡೈರೆಕ್ಷನ್ ಅಪ್‌ನಲ್ಲೇ ಇದೆ. ಡೌನ್ ಮಾಡಿದರೆ ಸರಿ ಕಾಣುತ್ತದೆ! ಆದರೆ ಅದು ತಪ್ಪಲ್ಲವಾ?

ಡಿಟಿಪಿ ಅಣ್ಣ:
ಸರಿ ಕಾಣುತ್ತಿದ್ದರೆ ಬಿಟ್ಟುಬಿಡಿ. ಬ್ಯಾನರ್ ನೋಡಲು ಬರುವವರು ನಿಮ್ಮ ಲೇಯರ್ (ಚಿತ್ರದ ಪದರ) ತೆಗೆದು ನೋಡುತ್ತಾರಾ?

ಪಿಕ್ಸೆಲ್ ಪುಟ್ಟಿ:
ಬಿಡಬೇಡಿ, ಮುಂದೆ ಇನ್ನೊಂದು ಕಡೆ ಎಡವುತ್ತೀರಿ. ಒಂದು ಕೆಲಸ ಮಾಡಿ. ಆ ಚಿತ್ರವನ್ನು ಫೋನಿನಲ್ಲಿ ತೆಗೆದು, ಫೋನನ್ನು ತಲೆಕೆಳಗೆ ಹಿಡಿದು ನೋಡಿ. ಅಕ್ಷರ ಉಬ್ಬಿದ ಹಾಗೆ ಕಂಡರೆ ತೊಂದರೆ ಬೆವೆಲ್‌ದಲ್ಲ, ಬೆಳಕಿನದು. ನಮ್ಮ ಕಣ್ಣು ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದೇ ನಂಬಿಕೊಂಡಿರುತ್ತದೆ. ಸೂರ್ಯ ಮೇಲಿದ್ದಾನೆ, ದೀಪ ಮೇಲಿದೆ. ಮೇಲಂಚು ಬೆಳಗಿ ಕೆಳಂಚು ಕಪ್ಪಾಗಿದ್ದರೆ ಉಬ್ಬು. ಉಲ್ಟಾ ಆದರೆ ಗುಂಡಿ. ಚಂದ್ರನ ಫೋಟೋ ತಲೆಕೆಳಗೆ ಮಾಡಿದರೆ ಕುಳಿಗಳೆಲ್ಲ ಗುಡ್ಡ ಆಗುವುದೂ ಇದೇ ಕಾರಣಕ್ಕೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಇದರ ಬಗ್ಗೆಯೇ ಪ್ರಯೋಗ ಮಾಡಿ ಬರೆದಿದ್ದಾರೆ. ಬರೀ ನೆರಳು ಹಾಕಿದ ಉರುಟು ಬಿಲ್ಲೆಗಳನ್ನು ತೋರಿಸಿದರೂ ಜನಕ್ಕೆ ಕೆಲವು ಉಬ್ಬು, ಕೆಲವು ತಗ್ಗು ಕಾಣುತ್ತವೆ.

ನಿಮ್ಮ ಆ್ಯಂಗಲ್, ಅಂದರೆ ಬೆಳಕು ಬರುವ ಕೋನ, ಎಷ್ಟಿದೆ ಹೇಳಿ.

ತುಂಗಾತೀರ:
ಅಯ್ಯೋ, ತಲೆಕೆಳಗೆ ಹಿಡಿದರೆ ಸೊಗಸಾಗಿ ಉಬ್ಬಿದೆ! ಅಮ್ಮ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಾರೆ. ಆ್ಯಂಗಲ್ ಮೈನಸ್ 60 ಇದೆ. ನಾನು ಅದನ್ನು ಮುಟ್ಟಿಯೇ ಇಲ್ಲ, ದೇವರಾಣೆ.

ಪಿಕ್ಸೆಲ್ ಪುಟ್ಟಿ:
ಡ್ರಾಪ್ ಶ್ಯಾಡೋ ಡಬ್ಬಿ ತೆರೆದಿದ್ದಾಗ ನೆರಳನ್ನು ಮೌಸ್‌ನಿಂದ ಎಳೆದಿರಾ?

ತುಂಗಾತೀರ:
ಹೌದು. ಅಕ್ಷರದ ಕೆಳಗೆ ತಾಯಿ ಭುವನೇಶ್ವರಿಯ ಚಿತ್ರ ಇದೆ. ನೆರಳು ಅದರ ಕಿರೀಟದ ಮೇಲೆ ಬೀಳುತ್ತಿತ್ತು, ಅದಕ್ಕೆ ಎಡಕ್ಕೆ ಮೇಲಕ್ಕೆ ಎಳೆದೆ.

ಪಿಕ್ಸೆಲ್ ಪುಟ್ಟಿ:
ಸಿಕ್ಕಿತು. ನೆರಳು ಮೇಲೆ ಹೋಗಬೇಕಾದರೆ ಸೂರ್ಯ ಕೆಳಗೆ ಇಳಿಯಲೇಬೇಕಲ್ಲ. 'ಯೂಸ್ ಗ್ಲೋಬಲ್ ಲೈಟ್' (ಎಲ್ಲಕ್ಕೂ ಒಂದೇ ಬೆಳಕು) ಟಿಕ್ ಆಗಿರುವುದರಿಂದ ಆ ಒಂದು ಎಳೆತಕ್ಕೆ ಬೆವೆಲ್‌ನ ಬೆಳಕೂ ತಿರುಗಿದೆ. ಈ ಲೇಯರ್ ಒಂದೇ ಅಲ್ಲ, ಗ್ಲೋಬಲ್ ಲೈಟ್ ಬಳಸಿದ ಎಲ್ಲ ಲೇಯರ್‌ಗಳೂ ತಿರುಗಿರುತ್ತವೆ. ಆ್ಯಂಗಲ್ 120, ಆಲ್ಟಿಟ್ಯೂಡ್ (ಬೆಳಕಿನ ಎತ್ತರ) 30 ಮಾಡಿ ನೋಡಿ. ಆಲ್ಟಿಟ್ಯೂಡ್ 90ರ ಹತ್ತಿರ ಒಯ್ಯಬೇಡಿ. ಅದು ನಡು ಮಧ್ಯಾಹ್ನದ ಬಿಸಿಲು, ಎಲ್ಲ ಇಳಿಜಾರೂ ಒಂದೇ ತರಹ ಕಾಣುತ್ತದೆ.

ಡಿಟಿಪಿ ಅಣ್ಣ:
ಅದಕ್ಕೇ ನಾನು ಗ್ಲೋಬಲ್ ಲೈಟ್ ಟಿಕ್ ಮೊದಲು ತೆಗೆದುಬಿಡುತ್ತೇನೆ. 20 ವರ್ಷದಿಂದ ಅದೇ ಅಭ್ಯಾಸ. ಬೆವೆಲ್‌ನ ಪಾಡಿಗೆ ಬೆವೆಲ್, ನೆರಳಿನ ಪಾಡಿಗೆ ನೆರಳು.

ಪಿಕ್ಸೆಲ್ ಪುಟ್ಟಿ:
ಅಣ್ಣ, ಕ್ಷಮಿಸಿ. ಹಾಗೆ ಮಾಡಿದ ಬ್ಯಾನರ್‌ಗಳಲ್ಲಿ ಒಂದೊಂದು ಸಾಲಿಗೂ ಒಂದೊಂದು ಸೂರ್ಯ ಇರುತ್ತಾನೆ. ಹೆಡ್ಡಿಂಗಿಗೆ ಎಡದಿಂದ ಬೆಳಕು, ಶುಭಾಶಯ ಕೋರುವವರ ಹೆಸರಿಗೆ ಬಲದಿಂದ. ಯಾಕೆ ಅಂತ ಜನಕ್ಕೆ ಹೇಳಲು ಬರುವುದಿಲ್ಲ, ಆದರೆ 'ಏನೋ ಸರಿ ಇಲ್ಲ' ಅನ್ನಿಸುತ್ತದೆ. ನೆರಳು ಅಡ್ಡ ಬಂದರೆ ಡಿಸ್ಟೆನ್ಸ್ ಕಡಿಮೆ ಮಾಡಬೇಕು, ಸೂರ್ಯನನ್ನೇ ಎಳೆಯಬಾರದು.

ಡಿಟಿಪಿ ಅಣ್ಣ:
ನಮ್ಮ ಗಿರಾಕಿಗೆ ಸೂರ್ಯ ಬೇಡ ಮೇಡಂ, ಹೆಸರು ದೊಡ್ಡದಾಗಿ ಇದ್ದರೆ ಸಾಕು.

ಬೋರ್ಡ್ ಮೇಷ್ಟ್ರ ಮಗ:
ಇಬ್ಬರ ಜಗಳದಲ್ಲಿ ನನ್ನದೂ ಒಂದು. ನಮ್ಮಪ್ಪ ಅಂಗಡಿ ಬೋರ್ಡು, ಲಾರಿ ಹಿಂಬದಿ, ಶಾಲೆ ಗೋಡೆ ಎಲ್ಲ ಬರೆಯುತ್ತಿದ್ದರು. ಎನಾಮಲ್ ಪೇಂಟು, ಅಳಿಲು ಕೂದಲಿನ ಕುಂಚ. ಶೇಡ್ ಕೊಡುವ ಮೊದಲು ಗೋಡೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಸಣ್ಣ ಬಾಣದ ಗುರುತು ಹಾಕುತ್ತಿದ್ದರು. ಬೆಳಕು ಆ ಕಡೆಯಿಂದ ಎಂದು. ಊಟಕ್ಕೆ ಹೋಗಿ ಬಂದ ಮೇಲೂ ಮರೆಯಬಾರದಲ್ಲ. ಎಡ ಮೇಲಂಚಿಗೆ ಬಿಳಿ ಗೆರೆ, ಬಲ ಕೆಳಂಚಿಗೆ ಕಪ್ಪು. 'ಠ' ಬರೆಯುವಾಗ ಒಳಗಿನ ಚುಕ್ಕೆಗೂ ಅದೇ ಲೆಕ್ಕ. ನಾನು ಒಮ್ಮೆ 'ಬ'ದ ಹೊಟ್ಟೆಯ ಒಳಗೆ ಉಲ್ಟಾ ಶೇಡ್ ಕೊಟ್ಟು ತಲೆಗೆ ಮೊಟಕಿಸಿಕೊಂಡಿದ್ದೇನೆ.

ಗ್ಲೋಬಲ್ ಲೈಟ್ ಅಂದರೆ ಆ ಸೀಮೆಸುಣ್ಣದ ಬಾಣವೇ ಅಲ್ವಾ?

ಡಿಟಿಪಿ ಅಣ್ಣ:
ಸರಿ ಸರಿ, ಒಪ್ಪಿದೆ. ಮೇಷ್ಟ್ರ ಹೆಸರು ಹೇಳಿದ ಮೇಲೆ ವಾದ ಮಾಡುವುದಿಲ್ಲ.

ಈಗ ಚಪಾತಿ ವಿಷಯಕ್ಕೆ ಬರೋಣ. 12 ಅಡಿ ಅಂದರೆ 144 ಇಂಚು. 300ರಿಂದ ಗುಣಿಸಿದರೆ 43,200 ಪಿಕ್ಸೆಲ್. ನಿಮ್ಮ ಅಕ್ಷರದ ಗೀಟು 5 ಇಂಚು ದಪ್ಪ ಅಂದುಕೊಳ್ಳಿ, ಅದು 1,500 ಪಿಕ್ಸೆಲ್. ಎರಡೂ ಅಂಚಿನಿಂದ ಇಳಿಜಾರು ಬಂದು ನಡುವೆ ಸೇರಬೇಕಾದರೆ ಬೆವೆಲ್ ಸೈಜ್ 750 ಬೇಕು. ಆದರೆ ಅದು 250 ಪಿಕ್ಸೆಲ್ ದಾಟುವುದಿಲ್ಲ, ಎಷ್ಟು ಎಳೆದರೂ ಅಷ್ಟೇ. ಹಾಗಾಗಿ ನಡುವೆ ಮೈದಾನ ಉಳಿಯಿತು.

72 ಡಿಪಿಐ ಇಡಿ. ಅಗಲ 10,368 ಪಿಕ್ಸೆಲ್ ಆಗುತ್ತದೆ, ಗೀಟು 360, ಅದರ ಅರ್ಧ 180. ಬೆವೆಲ್ ಸೈಜ್ 180 ಹಾಕಿದರೆ ಪೂರ್ತಿ ಉಬ್ಬುತ್ತದೆ. ರಸ್ತೆಯ ಆಚೆ ನಿಂತು ನೋಡುವ ಬ್ಯಾನರ್‌ಗೆ 72 ಧಾರಾಳ.

ಗಿಂಪ್ ಭಕ್ತ:
ಇನ್ನೊಂದು ಸೇರಿಸುತ್ತೇನೆ. 43,200 ಪಿಕ್ಸೆಲ್ ಅಗಲದ ಕಡತ ಪಿಎಸ್‌ಡಿ (ಫೋಟೋಶಾಪ್‌ನ ಮಾಮೂಲಿ ಕಡತ ರೂಪ) ಆಗಿ ಉಳಿಯುವುದೇ ಇಲ್ಲ. ಪಿಎಸ್‌ಡಿಗೆ 30,000 ಪಿಕ್ಸೆಲ್ ಮಿತಿ. ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಬೇಕು.

ತುಂಗಾತೀರ:
ಓ, ಉಳಿಸುವಾಗ ಅದೇನೋ ಬೇರೆ ಹೆಸರು ಕೇಳಿತು. ನಾನು ಸುಮ್ನೆ ಓಕೆ ಒತ್ತಿದ್ದೆ.

ಈಗ ನೋಡಿ, ಆ್ಯಂಗಲ್ 120, 72 ಡಿಪಿಐ, ಸೈಜ್ 180. ಉಬ್ಬಿದೆ! ಆದರೆ 'ಜ್ಯೋ' ಮತ್ತು 'ತ್ಸ' ಕೆಳಗಿನ ಒತ್ತಕ್ಷರ ಕೆಸರಿನಲ್ಲಿ ಬಿದ್ದ ಹಾಗೆ ಕಾಣುತ್ತವೆ. 'ಕ'ದ ತಲೆಕಟ್ಟೂ ಅಷ್ಟೇ.

ಪಿಕ್ಸೆಲ್ ಪುಟ್ಟಿ:
ಇಂಗ್ಲಿಷ್ ಟ್ಯುಟೋರಿಯಲ್‌ಗಳು ಹೇಳದ ವಿಷಯ ಇದು. ಅವರದ್ದು ನೇರ ಗೀಟಿನ ದಪ್ಪ ದಪ್ಪ ದೊಡ್ಡಕ್ಷರ. ನಮ್ಮ ಲಿಪಿಯಲ್ಲಿ ಎಲ್ಲ ಗುಂಡಗೆ, ಮೇಲೆ ತಲೆಕಟ್ಟು ತೆಳ್ಳಗೆ, ಕೆಳಗೆ ಒತ್ತು ಇನ್ನೂ ಸಣ್ಣದು. 180 ಪಿಕ್ಸೆಲ್‌ನ ಇಳಿಜಾರು 80 ಪಿಕ್ಸೆಲ್ ದಪ್ಪದ ಒತ್ತಿಗೆ ಹಾಕಿದರೆ ಅಲ್ಲಿ ಬೆಳಕಿಗೂ ಜಾಗ ಇಲ್ಲ, ನೆರಳಿಗೂ ಇಲ್ಲ.

ಮೊದಲು ಫಾಂಟ್ ಬದಲಿಸಿ. ಗೀಟಿನ ದಪ್ಪ ಹೆಚ್ಚು ಏರುಪೇರಾಗದ ಫಾಂಟ್ ಬೇಕು. ಬಲೂ ತಮ್ಮ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಉಚಿತ ಕೂಡ. ಆಮೇಲೆ ಚಿಸೆಲ್ ಹಾರ್ಡ್ ಬೇಕಾ, ಸ್ಮೂತ್ ಬೇಕಾ ನೋಡಿ. ಚಿಸೆಲ್ ಹಾರ್ಡ್ ಅಂದರೆ ಹೆಂಚಿನ ಮನೆಯ ಮಾಡು: ಎರಡು ಇಳಿಜಾರು, ನಡುವೆ ಚೂಪು ಗೆರೆ. ಸ್ಮೂತ್ ಅಂದರೆ ಇಡ್ಲಿ. ಕನ್ನಡದ ತಿರುವುಗಳಲ್ಲಿ ಚಿಸೆಲ್ ಹಾರ್ಡ್ ಮಾಡಿದಾಗ ನಡು ಗೆರೆ ಹಲ್ಲು ಹಲ್ಲಾಗುತ್ತದೆ. ಸಾಫ್ಟನ್ 3-4 ಕೊಟ್ಟರೆ ಕೂರುತ್ತದೆ.

ಬಿಸಿಬೇಳೆ:
ಇಡ್ಲಿ, ಚಪಾತಿ, ಒಗ್ಗರಣೆ. ಇದು ಅಡುಗೆ ವಿಭಾಗವಾ ಸ್ವಾಮಿ?

ಡಿಟಿಪಿ ಅಣ್ಣ:
ನಾನು ಒತ್ತಕ್ಷರವನ್ನು ಬೇರೆ ಲೇಯರ್‌ನಲ್ಲಿಟ್ಟು ಕಡಿಮೆ ಸೈಜ್ ಬೆವೆಲ್ ಕೊಡುತ್ತೇನೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಒತ್ತು ಬೇರೆ ತುಂಡಾಗಿಯೇ ಬರುವುದರಿಂದ ಸುಲಭ. ಆದರೆ ಒಂದು ಎಚ್ಚರಿಕೆ. ಕೋರಲ್‌ಡ್ರಾನಲ್ಲಿ ಅದನ್ನು ಕರ್ವ್ (ಬರಹವನ್ನು ಬರೀ ಆಕಾರ) ಮಾಡಿ ಕಂಬೈನ್ ಒತ್ತಿದರೆ ತುಂಡುಗಳು ಒಂದರ ಮೇಲೊಂದು ಕೂತ ಕಡೆ ತೂತು ಬೀಳುತ್ತದೆ. ವೆಲ್ಡ್ ಒತ್ತಬೇಕು. ಈ ತೂತಿನಿಂದ ಒಂದು ಮದುವೆ ಬ್ಯಾನರ್‌ನಲ್ಲಿ ವಧುವಿನ ಹೆಸರಿನ ನಡುವೆ ಕಿಟಕಿ ತೆರೆದಿತ್ತು. ಬೈಸಿಕೊಂಡವನು ನಾನೇ.

ಪಿಕ್ಸೆಲ್ ಪುಟ್ಟಿ:
ಯುನಿಕೋಡ್ ಬಳಸುವವರು ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ (ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಳೆಯ ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ನಿಂತಿರುತ್ತದೆ.

ಲೋಹದ ಮನುಷ್ಯ:
ಸಾಸಿವೆ ಬಣ್ಣದ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಮುಖ್ಯ ವಿಷಯ ಅದೇ.

ಚಿನ್ನ ಅನ್ನುವುದು ಒಂದು ಬಣ್ಣ ಎಂದುಕೊಂಡರೆ ಸಾಸಿವೆಯೇ ಬರುವುದು. ಲೋಹಕ್ಕೆ ಪ್ಲಾಸ್ಟಿಕ್ಕಿನ ಹಾಗೆ ಮೈಬಣ್ಣ ಇರುವುದಿಲ್ಲ. ನಾವು ನೋಡುವುದೆಲ್ಲ ಪ್ರತಿಬಿಂಬ. ಹಳದಿ ಪ್ಲಾಸ್ಟಿಕ್ ಬಕೆಟ್ ಮೇಲೆ ಬಲ್ಬಿನ ಹೊಳಪು ನೋಡಿ, ಅದು ಬಿಳಿಯಾಗಿರುತ್ತದೆ. ಅದೇ ಬಲ್ಬು ಚಿನ್ನದ ಬಳೆ ಮೇಲೆ ಹಳದಿ ಹೊಳಪು ಕೊಡುತ್ತದೆ. ಚಿನ್ನ ನೀಲಿ ಬೆಳಕನ್ನು ನುಂಗಿ ಉಳಿದದ್ದನ್ನು ವಾಪಸ್ ಕಳಿಸುತ್ತದೆ, ಅದಕ್ಕೆ.

ಬೆವೆಲ್‌ನ ಹೈಲೈಟ್ ಬಣ್ಣ ಮೊದಲಿಗೆ ಶುದ್ಧ ಬಿಳಿ, ಶ್ಯಾಡೋ ಶುದ್ಧ ಕಪ್ಪು. ಅವೆರಡನ್ನೂ ಹಾಗೇ ಬಿಟ್ಟರೆ ಹಳದಿ ಬಕೆಟ್ ಸಿಗುತ್ತದೆ. ಹೈಲೈಟ್‌ಗೆ 255, 240, 180 (ಕೆಂಪು, ಹಸಿರು, ನೀಲಿಯ ಅಳತೆ) ಹತ್ತಿರದ ತಿಳಿ ಹಳದಿ ಕೊಡಿ. ನೆರಳಿಗೆ 80, 45, 10 ಹತ್ತಿರದ ಕಡು ಕಂದು. ಇನ್ನೊಂದು, ಗ್ರೇಡಿಯಂಟ್ ಮೆತ್ತಗೆ ಇರಬಾರದು. ಕಡು ಕಂದಿನ ಪಕ್ಕದಲ್ಲೇ ತಟ್ಟನೆ ತಿಳಿ ಹಳದಿ ಬರಬೇಕು. ಲೋಹದ ಗುರುತು ಆ ಜಿಗಿತ. ಗ್ಲಾಸ್ (Gloss, ಹೊಳಪು) ಕಾಂಟೂರ್‌ನಲ್ಲಿ ರಿಂಗ್ ಅಥವಾ ರಿಂಗ್ ಡಬಲ್ ಆರಿಸಿದರೆ ಆಗುವುದೂ ಅದೇ. ಬೆಳಕು ಒಮ್ಮೆ ಏರಿ ಇಳಿಯುವ ಬದಲು ಎರಡು ಮೂರು ಸಲ ಏರಿಳಿಯುತ್ತದೆ.

ತುಂಗಾತೀರ:
ಮಾಡಿದೆ ಸರ್, ಪರದೆ ಮೇಲೆ ಮೈ ಜುಮ್ಮೆನ್ನುವ ಹಾಗಿದೆ. ಪ್ರಿಂಟಿನಲ್ಲೂ ಹೀಗೇ ಬರುತ್ತದಾ?

ಡಿಟಿಪಿ ಅಣ್ಣ:
ಬರುವುದಿಲ್ಲ. ಪರದೆಯಲ್ಲಿ ಬೆಳಕು ಇದೆ, ಬ್ಯಾನರ್‌ನಲ್ಲಿ ಬರೀ ಶಾಯಿ. ಆರ್‌ಜಿಬಿಯಿಂದ (ಪರದೆಯ ಬಣ್ಣ) ಸಿಎಂವೈಕೆಗೆ (ಶಾಯಿಯ ಬಣ್ಣ) ಹೋದ ಕೂಡಲೇ ಆ ಉರಿಯುವ ಹಳದಿ ಸಾಯುತ್ತದೆ. ಹಳದಿ ಇನ್ನೂ ಹೆಚ್ಚಿಸಲು ಹೋಗಬೇಡಿ, ಎಲ್ಲರೂ ಮಾಡುವ ತಪ್ಪು ಅದು. ಕಂದು ಇನ್ನೂ ಕಡು ಮಾಡಿ. ಕತ್ತಲು ಜಾಸ್ತಿ ಇದ್ದರೆ ಬೆಳಕು ತಾನಾಗಿ ಕಾಣುತ್ತದೆ. ಹಿನ್ನೆಲೆ ಕಡು ಕೆಂಪು ಇದ್ದರೆ ಇನ್ನೂ ಒಳ್ಳೆಯದು. ಕೆಲಸ ಎಲ್ಲ ಆರ್‌ಜಿಬಿಯಲ್ಲೇ ಮುಗಿಸಿ, ಕೊನೆಗೆ ಒಂದು ಪ್ರತಿ ತೆಗೆದು, ಎಲ್ಲ ಒಂದೇ ಲೇಯರ್ ಮಾಡಿ, ಆಮೇಲೆ ಸಿಎಂವೈಕೆ.

ಹಸಿರು ಹಾದಿ:
ಎಲ್ಲ ಸರಿ, ಆದರೆ ಫ್ಲೆಕ್ಸ್ 2016ರಲ್ಲೇ ರಾಜ್ಯದಲ್ಲಿ ನಿಷೇಧ ಆಗಿದೆ ಅಲ್ವಾ?

ತುಂಗಾತೀರ:
ನಮ್ಮದು ಬಟ್ಟೆ ಬ್ಯಾನರ್ ಮೇಡಂ. ಅಧ್ಯಕ್ಷರಿಗೆ ಹೋದ ವರ್ಷ ದಂಡ ಬಿದ್ದು ಬುದ್ಧಿ ಬಂದಿದೆ.

ಡಿಟಿಪಿ ಅಣ್ಣ:
ಬಟ್ಟೆನಾ! ಮೊದಲೇ ಹೇಳಬಾರದಾ? ಬಟ್ಟೆ ಶಾಯಿ ಕುಡಿಯುತ್ತದೆ, ಮೇಲೆ ಹೊಳಪೂ ಇರುವುದಿಲ್ಲ. ಹಾಗಾದರೆ ಕಂದು ಅಷ್ಟೂ ಕಡು ಬೇಡ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಒಂದು ಅಡಿ ತುಂಡು ಹಾಕಿಸಿ ನೋಡಿ ಮುಂದುವರಿಯಿರಿ.

ಗಿಂಪ್ ಭಕ್ತ:
ದುಡ್ಡು ಕೊಟ್ಟು ಫೋಟೋಶಾಪ್ ಯಾಕೆ? ಉಚಿತ ಗಿಂಪ್ ಇದೆ. ಲೇಯರ್ ಸ್ಟೈಲ್ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದರು ಎಂದು ಒಮ್ಮೆ ಕೈಯಾರೆ ಮಾಡಿ ನೋಡಿ, ಒಳಗಿನ ಗುಟ್ಟು ಗೊತ್ತಾಗುತ್ತದೆ. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ. ಅದರ ಒಂದು ಪ್ರತಿಗೆ ಗಾಸಿಯನ್ ಬ್ಲರ್. ಈಗ ಅದು ಚಿತ್ರ ಅಲ್ಲ, ಎತ್ತರದ ನಕ್ಷೆ: ಬಿಳಿ ಇದ್ದಲ್ಲಿ ಎತ್ತರ, ಕಪ್ಪು ಇದ್ದಲ್ಲಿ ತಗ್ಗು. ಒಂದು ಬೂದು ಲೇಯರ್‌ಗೆ ಬಂಪ್ ಮ್ಯಾಪ್ ಫಿಲ್ಟರ್ ಹಾಕಿ ಈ ನಕ್ಷೆಯನ್ನು ತೋರಿಸಿ. ಉಬ್ಬು ಬಂತು, ಆದರೆ ಇನ್ನೂ ಜೇಡಿಮಣ್ಣು. ಕರ್ವ್ಸ್ (ಬೆಳಕು-ಕತ್ತಲು ತಿದ್ದುವ ಗೆರೆ) ತೆಗೆದು ಆ ಗೆರೆಯನ್ನು ಅಲೆ ಅಲೆಯಾಗಿ ಎರಡು ಸಲ ಏರಿಳಿಸಿ. ಜೇಡಿಮಣ್ಣು ಕಣ್ಣೆದುರೇ ಸ್ಟೀಲ್ ಆಗುತ್ತದೆ. ನಾನು ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಬ್ಲರ್ ಮಾಡುವ ಮೊದಲೇ ಪ್ರಿಸಿಷನ್ 16 ಬಿಟ್ ಮಾಡಿಕೊಳ್ಳಿ. 8 ಬಿಟ್‌ನಲ್ಲಿ ಎತ್ತರಕ್ಕೆ 256 ಮೆಟ್ಟಿಲು ಮಾತ್ರ. ಕರ್ವ್ಸ್ ಅದನ್ನು ಹಿಗ್ಗಿಸಿದಾಗ ಅಕ್ಷರದ ಮೇಲೆ ಹೊಲದ ಬದುಗಳ ಹಾಗೆ ಪಟ್ಟೆ ಕಾಣುತ್ತದೆ.

ಬಂಪ್ ಮ್ಯಾಪಿಂಗ್ ಹೊಸದೇನಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ವಿಜ್ಞಾನಿ ಜೇಮ್ಸ್ ಬ್ಲಿನ್ 1978ರಲ್ಲೇ ಮಾಡಿ ತೋರಿಸಿದ್ದರು. ಒತ್ತಕ್ಷರವೂ ಗಿಂಪ್‌ನಲ್ಲಿ ತಾನಾಗಿ ಸರಿ ಬರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ವಾಪಸ್ ಹೋಗಿ ಬದಲಿಸಬಹುದು.

ಡಿಟಿಪಿ ಅಣ್ಣ:
ನಾಲ್ಕು ದಿನದಲ್ಲಿ ಬ್ಯಾನರ್ ಕಟ್ಟಬೇಕಾದ ಹುಡುಗನಿಗೆ ಹೇಳುವ ಮಾತಾ ಇದು?

ಗಿಂಪ್ ಭಕ್ತ:
ಕಲಿಯಲಿ ಅಂತ ಹೇಳಿದೆ.

ಗೋಳಾಕಾರ:
ಇದೆಲ್ಲ ಕಣ್ಣುಕಟ್ಟು. ನಿಜವಾದ ತ್ರೀಡಿ ಬೇಕಾದರೆ ಬ್ಲೆಂಡರ್ ಎಂಬ ತಂತ್ರಾಂಶ. ಆದರೆ ಬ್ಲೆಂಡರ್‌ನ ಟೆಕ್ಸ್ಟ್‌ನಲ್ಲಿ ನೇರ ಕನ್ನಡ ಬರೆಯಬೇಡಿ, ಒತ್ತು ಮುರಿದು ಬೀಳುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಬರೆದು, ಆಬ್ಜೆಕ್ಟ್ ಟು ಪಾತ್ (ಬರಹವನ್ನು ಆಕಾರವಾಗಿಸುವುದು) ಮಾಡಿ, ಎಸ್‌ವಿಜಿ ಆಗಿ ತಂದು ಎಕ್ಸ್‌ಟ್ರೂಡ್ ಮಾಡಿ, ಅಂದರೆ ದಪ್ಪ ಕೊಡಿ. ಮೆಟಾಲಿಕ್ 1, ರಫ್‌ನೆಸ್ 0.15. ಆಮೇಲೆ 'ಚಿನ್ನ ಕರ್ರಗೆ ಬಂತು' ಎಂದು ಅಳಬೇಡಿ. ಸುತ್ತ ಏನೂ ಇಲ್ಲದಿದ್ದರೆ ಲೋಹ ಏನನ್ನು ತಾನೇ ತೋರಿಸಬೇಕು? ಪಾಲಿ ಹೇವನ್ ತಾಣದಿಂದ ಉಚಿತ ಎಚ್‌ಡಿಆರ್‌ಐ (ಸುತ್ತಲಿನ ದೃಶ್ಯದ ಚಿತ್ರ) ಒಂದನ್ನು ಇಳಿಸಿ ಸುತ್ತ ಕಟ್ಟಿ.

ಪಿಕ್ಸೆಲ್ ಪುಟ್ಟಿ:
ಒಂದು ಬ್ಯಾನರ್‌ಗೆ ಬ್ಲೆಂಡರ್ ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆದರೆ ಸುತ್ತಲಿನ ಪ್ರತಿಬಿಂಬದ ಮಾತು ನೂರಕ್ಕೆ ನೂರು ನಿಜ.

ಹಳೆ ಮೌಸ್:
ಫೋಟೋಶಾಪ್‌ನಲ್ಲೇ ತ್ರೀಡಿ ಇತ್ತಲ್ಲ? ನಾನು ಸಿಎಸ್5ರಲ್ಲಿ ರಿಪೂಸೆ ಅಂತ ಒಂದರಲ್ಲಿ ಎಷ್ಟೋ ಅಕ್ಷರ ಉಬ್ಬಿಸಿದ್ದೇನೆ. ಈಗಿನ ಫೋಟೋಶಾಪ್‌ನಲ್ಲಿ ಎಲ್ಲಿದೆ?

ಗೋಳಾಕಾರ:
ತೆಗೆದುಬಿಟ್ಟರು. 2021ರ ಆಗಸ್ಟ್‌ನಲ್ಲಿ ಬಂದ 22.5 ಆವೃತ್ತಿಯಿಂದ ತ್ರೀಡಿಗೆ ಬಾಗಿಲು ಮುಚ್ಚಿದರು. ನಮ್ಮದೇ ಇನ್ನೊಂದು ತ್ರೀಡಿ ತಂತ್ರಾಂಶ ಸಬ್‌ಸ್ಟನ್ಸ್ ತಗೊಳ್ಳಿ ಅಂದರು, ಅದಕ್ಕೆ ಬೇರೆ ದುಡ್ಡು.

ಹಳೆ ಮೌಸ್:
ಒಟ್ಟಿನಲ್ಲಿ ಕಲಿತದ್ದೆಲ್ಲ ಮಣ್ಣುಪಾಲು. ಈ ಹೊಳಪಿನ ಕಥೆಯೇ ಹೀಗೆ. 2000ದಲ್ಲಿ ಆಪಲ್‌ನವರು ಆಕ್ವಾ ಎಂಬ ಹೊಳೆಯುವ ಪರದೆ ವಿನ್ಯಾಸ ತೋರಿಸಿದಾಗ ಎಲ್ಲರ ವೆಬ್‌ಸೈಟಿನಲ್ಲೂ ಪೆಪ್ಪರ್‌ಮಿಂಟ್ ತರಹದ ಬಟನ್. 2013ರಲ್ಲಿ ಅವರ ಫೋನಿನ ಐಒಎಸ್ 7 ಚಪ್ಪಟೆ ವಿನ್ಯಾಸದಲ್ಲಿ ಬಂದ ಮೇಲೆ ಹೊಳಪು ಅಂದರೆ ಅನಾಗರಿಕ ಅನ್ನುವ ಹಾಗೆ ಆಯಿತು. 2025ರಲ್ಲಿ ಅವರೇ ಲಿಕ್ವಿಡ್ ಗ್ಲಾಸ್ ಎಂದು ಮತ್ತೆ ತಂದಿದ್ದಾರೆ. ನಮ್ಮ ಬ್ಯಾನರ್‌ನವರು ಮಾತ್ರ ಈ 25 ವರ್ಷ ಬೆವೆಲ್ ಬಿಟ್ಟವರೇ ಅಲ್ಲ.

ಬೋರ್ಡ್ ಮೇಷ್ಟ್ರ ಮಗ:
25 ವರ್ಷ ಯಾಕೆ, ಮೈಸೂರು ಶೈಲಿಯ ಚಿತ್ರ ನೋಡಿ. ಗೆಸ್ಸೊ ಎಂಬ ಅಂಟು ಮುದ್ದೆ ಮೆತ್ತಿ ಉಬ್ಬು ಮಾಡಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನದ್ದು ದಪ್ಪ ಉಬ್ಬು, ನಮ್ಮದು ತೆಳ್ಳಗೆ. ಬೆವೆಲ್ ಸೈಜ್ ಕಡಿಮೆ ಇಟ್ಟವರು ನಾವು.

ಅವಸರ ಆನಂದ:
ಇಷ್ಟೆಲ್ಲ ಯಾಕೆ? ಎಐಗೆ ಹೇಳಿ, ಎರಡು ನಿಮಿಷ.

ಪಿಕ್ಸೆಲ್ ಪುಟ್ಟಿ:
ಹೋದ ವಾರ ಹೇಳಿ ನೋಡಿದೆ. ಚಿನ್ನ ಅದ್ಭುತವಾಗಿ ಬಂತು. ಅಕ್ಷರ ತೆಲುಗೂ ಅಲ್ಲ ಕನ್ನಡವೂ ಅಲ್ಲ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಬಟ್ಟೆ ಮೇಲೆ ತುಂಡು ಪ್ರಿಂಟ್ ಬಂತು. ಫಾಂಟ್ ಬಲೂ ತಮ್ಮ, ಒತ್ತು ಬೇರೆ ಲೇಯರ್, ಹೈಲೈಟ್ ತಿಳಿ ಹಳದಿ, ಸೂರ್ಯ ಒಬ್ಬನೇ. ಭುವನೇಶ್ವರಿಯ ಕಿರೀಟದ ಮೇಲೆ ನೆರಳೂ ಇಲ್ಲ. ಪ್ರಿಂಟ್ ಅಂಗಡಿಯವರೇ 'ಯಾರು ಮಾಡಿದ್ದು' ಎಂದು ಕೇಳಿದರು. ಅಮ್ಮ ಫೋನನ್ನು ನೆಟ್ಟಗೇ ಹಿಡಿದು ನೋಡಿ ಚೆನ್ನಾಗಿದೆ ಅಂದರು.

ಡಿಟಿಪಿ ಅಣ್ಣ:
ಭೇಷ್ ತಮ್ಮಾ. ಅಧ್ಯಕ್ಷರು ಏನಂದರು?

ತುಂಗಾತೀರ:
ತುಂಬಾ ಖುಷಿಯಾದರು ಅಣ್ಣ. ಈಗ ಬ್ಯಾನರ್‌ನಲ್ಲಿರುವ ಅವರ ಫೋಟೋಗೂ ಅದೇ ಎಫೆಕ್ಟ್ ಬೇಕಂತೆ.

ಬಿಸಿಬೇಳೆ:
ಡೈರೆಕ್ಷನ್ ಡೌನ್ ಹಾಕಿ.